ಸಹಜ ನಷ್ಟ

ಸಂಜೆ ಆರೂವರೆ. ವಿನೋಬನಗರದ ಬಾಡಿಗೆ ಕೋಣೆ.
ಲ್ಯಾಪ್‌ಟಾಪಿನ ಅಡಿಗೆ ಎರಡು ಹಳೆಯ ಟೆಲಿಫೋನ್ ಡೈರೆಕ್ಟರಿ.
ಇಪ್ಪತ್ತೆರಡು ವರ್ಷ ಸೀಮೆಸುಣ್ಣ ಹಿಡಿದ ಕೈ
ಈಗಲೂ ಪಾಠ ಮುಗಿದೊಡನೆ
ಪ್ಯಾಂಟಿಗೆ ಒರೆಸಿಕೊಳ್ಳುತ್ತದೆ, ಇಲ್ಲದ ಪುಡಿಯನ್ನು.

ಎದುರಿಗೆ ಕಪ್ಪು ಚೌಕಗಳು.
ಜೂನ್‌ನಲ್ಲಿ ಅರವತ್ತೊಂದು. ಈಗ ಇಪ್ಪತ್ತಮೂರು.
"ಆನ್‌ಲೈನ್ ಕೋರ್ಸಲ್ಲಿ ಇಷ್ಟು ಉದುರೋದು ಮಾಮೂಲು,
ನೀವು ವೀಡಿಯೋ ಹಾಕ್ತಾ ಹೋಗಿ," ಅಂದರು ಮೇಲಿನವರು.
ಹಾಕುತ್ತಾ ಹೋದೆ.

ಒಂದು ಚೌಕದ ಹೆಸರು ರೆಡ್ಮಿ ನೈನ್.
ಹಾಜರಿ ಕೂಗಿದರೆ ಮಾತಿಲ್ಲ,
ಒಂದು ಹಳದಿ ಹೆಬ್ಬೆರಳು ಏಳುತ್ತದೆ, ಅಷ್ಟೆ.
ಒಮ್ಮೆ ಮೈಕು ಮುಚ್ಚಲು ಮರೆತಾಗ
ಕುಕ್ಕರಿನ ಸೀಟಿ, ತಟ್ಟೆಗಳ ರಾಶಿ,
ಯಾರೋ "ಅಕ್ಕಾ, ಸಾರು!" ಎಂದದ್ದು.
ಅಂದಿನಿಂದ ಕಷ್ಟದ ಲೆಕ್ಕಗಳನ್ನು
ಎಂಟು ಗಂಟೆಯ ನಂತರಕ್ಕೆ ಇಟ್ಟುಕೊಂಡೆ.
ಕಾರಣ ಯಾರಿಗೂ ಹೇಳಲಿಲ್ಲ.

ಆ ದಿನ ದಾಸ್ತಾನಿನ ಪಾಠ.
ತೂಕ ತಾನಾಗಿ ಇಳಿಯುತ್ತದೆ, ಎಂದೆ.
ತೇವ ಆರುತ್ತದೆ, ಸುರಿಯುವಾಗ ಚೆಲ್ಲುತ್ತದೆ;
ಯಾರ ತಪ್ಪೂ ಅಲ್ಲ, ಅದನ್ನು
ಸಹಜ ನಷ್ಟವೆಂದು ಬರೆಯಬೇಕು.

ಹೆಬ್ಬೆರಳಲ್ಲ, ದನಿ ಬಂತು.
"ಸಾರ್, ಹೂವಮ್ಮ ಅಂತ, ರಿಪ್ಪನ್‌ಪೇಟೆ. ಹಾಸ್ಟೆಲಲ್ಲಿ ಅಡುಗೆ.
ಮೂಟೆಗೆ ಅರ್ಧ ಕೇಜಿ ಕಮ್ಮಿ ಬಂದ್ರೆ
ವಾರ್ಡನ್ನು ನನ್ನ ಚೀಲ ಬಿಚ್ಚಿಸ್ತಾರೆ, ಹುಡುಗ್ರ ಎದುರಿಗೇ.
ಇದಕ್ಕೊಂದು ಹೆಸರಿತ್ತಾ ಸಾರ್?
ಪುಸ್ತಕದಲ್ಲೇ ಉಂಟಾ?"

ಉಂಟು, ಎಂದೆ. ಪುಟ ನೂರಾ ಹದಿನಾಲ್ಕು.
ಗಂಟಲು ಕಟ್ಟಿತು. ನೆಟ್‌ವರ್ಕ್ ಸರಿಯಿಲ್ಲ ಅಂದೆ.

ಮುಂದಿನ ವಾರ ಅವಳ ಅಸೈನ್‌ಮೆಂಟು:
ಎಣ್ಣೆಯ ಕಲೆ, ಸೌಟಿನ ಹಿಡಿಯಲ್ಲಿ ಎಳೆದಂಥ ಗೀಟು,
ಅಕ್ಕಿ, ತೊಗರಿಬೇಳೆ, ಒಣಮೆಣಸು.
ಮೆಣಸು ವಾರಕ್ಕೆಷ್ಟು ಆರುತ್ತದೆಂದು
ತಾನೇ ತೂಗಿ ಬರೆದಿದ್ದಾಳೆ.
ಇದು ನನಗೆ ಗೊತ್ತಿರಲಿಲ್ಲ ಎಂದು
ಕೆಂಪಕ್ಷರದಲ್ಲಿ ಹಾಗೇ ಬರೆದೆ. ಕೆಳಗೆ:
ವಾರ್ಡನ್ನಿಗೆ ತೋರಿಸುವ ಮೊದಲು ಒಂದು ಪ್ರತಿ ತೆಗೆದಿಡಿ.

ಆ ರಾತ್ರಿ, ಉದುರಿದ ಮೂವತ್ತೆಂಟು ಹೆಸರನ್ನು
ಪಟ್ಟಿಯಿಂದ ಹೆಕ್ಕಿದೆ.
ಆರಿದ್ದು ಯಾವುದು, ಚೆಲ್ಲಿದ್ದು ಯಾವುದು,
ಚೆಲ್ಲಿದ ಕೈ ಯಾರದು?

ಮೊದಲನೇ ನಂಬರು ಚಾಲ್ತಿಯಲ್ಲಿಲ್ಲ.
ಎರಡನೆಯದನ್ನು ಎತ್ತಿದ್ದು ಒಂದು ಮಗು:
"ಅಪ್ಪ ಲಾರಿ ಮೇಲಿದಾನೆ."
ಮೂರನೆಯವನು ಭದ್ರಾವತಿಯ ಜಬೀಉಲ್ಲಾ,
ಬಹಳ ಹೊತ್ತು ಸುಮ್ಮನಿದ್ದು ಕೇಳಿದ:
"ನಾನು ಬರ್ತಿಲ್ಲ ಅಂತ
ನಿಮಗೆ ಗೊತ್ತಾಯ್ತಾ ಸಾರ್?"