ಹದಿನಾರು ಗುಟುಕು

ವಾಸ್ಕೋದ ಧಕ್ಕೆಯಲ್ಲಿ ನನ್ನದು ಹಡಗಿಗೆ ದಿನಸಿ ಹಾಕುವ ಕೆಲಸ:
ಈರುಳ್ಳಿ ನಲವತ್ತು ಚೀಲ, ಮೊಟ್ಟೆ, ಸೋಪು, ಎರಡು ಸುತ್ತು ಹಗ್ಗ.
ರಸೀದಿಗೆ ಸಹಿ ಹಾಕಲು ಇಳಿದು ಬಂದವನು ಮಾಮುಕ,
ಜಾರ್ಜಿಯಾದವನು, ಎರಡನೇ ಇಂಜಿನಿಯರ್,
ಉಗುರಿನ ಸಂದಿಯಲ್ಲಿ ಗ್ರೀಸು, ಮುರುಕು ಇಂಗ್ಲಿಷು.

ಕ್ರೇನು ಕೆಟ್ಟಿತ್ತು. ಹೊತ್ತು ಹೋಗಬೇಕಲ್ಲ.
ಡ್ರಮ್ಮಿನ ಮೇಲೆ ಬೆರಳು ಬಡಿಯುತ್ತ ಹೇಳತೊಡಗಿದ
ಎಂಟುನೂರು ವರ್ಷದ ಹಳೆಯ ಕಾವ್ಯ,
ಅವನಜ್ಜಿ ಬಳುವಳಿಯಾಗಿ ತಂದದ್ದು, ಹಾಸಿಗೆಯ ಜೊತೆ.
ಸಾಲಿಗೆ ಹದಿನಾರು ಗುಟುಕು. ನಾಲ್ಕು ಸಾಲಿಗೂ ಒಂದೇ ಬಾಲ.
ನಮ್ಮಲ್ಲಿ ಪ್ರಾಸ ಎರಡನೇ ಅಕ್ಷರಕ್ಕೇ ಅಂದೆ.
"ಅಷ್ಟು ಬೇಗನೆ?" ಅಂತ ನಕ್ಕ.

ಆಮೇಲೆ ಇನ್ನೊಂದು, ತೀರ ಮೆಲ್ಲಗೆ.
ಇದು ಬೇರೆಯವನದು,
ಅರಸೊತ್ತಿಗೆ ಹೋದ ಮೇಲೆ ಹುಟ್ಟಿದವನು,
ಗುಮಾಸ್ತ, ಸಾಲಗಾರ. ನನ್ನ ಹಾಗೆ.
ಇದರಲ್ಲಿ ಯುದ್ಧವಿಲ್ಲವಂತೆ, ಸಂಜೆ ಇದೆಯಂತೆ.

ನನಗೆ ಒಂದು ಪದವೂ ತಿಳಿಯಲಿಲ್ಲ.
ಬೆರಳು ಮಾತ್ರ ತಿಳಿಯಿತು:
ದೊಡ್ಡ ದಂಡು ನಡೆದ ದಾರಿಯಲ್ಲಿ
ಒಬ್ಬನೇ ಹೆಜ್ಜೆ ಹಾಕಿದ ಹಾಗೆ
ಎಂಟಕ್ಕೆ ನಿಂತು, ಮಿಕ್ಕ ಎಂಟನ್ನು ನುಂಗಿಕೊಂಡು.

"ಕದ್ದನೇ?" ಕೇಳಿದೆ.
ಮಾಮುಕ ಚೀಲದಿಂದ ಈರುಳ್ಳಿಯೊಂದನ್ನು ತೆಗೆದು ಮೂಸಿದ.
"ಅಜ್ಜಿಯ ಕೆಮ್ಮು ನನಗಿದೆ. ಕದ್ದೆನೇ?"

ರಾತ್ರಿ ಬೈನಾದ ಖೋಲಿಯಲ್ಲಿ, ರಸೀದಿ ಪುಸ್ತಕದ ಬೆನ್ನಿಗೆ
ನನ್ನದೇ ಅಂತ ಬರೆದಿಟ್ಟ ಸಾಲುಗಳನ್ನು ಬಡಿದು ನೋಡಿದೆ:
ಮೂರು ನಾಲ್ಕು, ಮೂರು ನಾಲ್ಕು.
ಶಿರಸಂಗಿಯಲ್ಲಿ ಗಮಕ ಓದುತ್ತಿದ್ದ ಮೇಷ್ಟರು
ಗೋಡೆಯಾಚೆ ಕೂತು ಕೆಮ್ಮಿದಂತಾಯಿತು.
ಲೆಕ್ಕಕ್ಕೆ ಒಂದು ಚೀಲ ಕಡಿಮೆ ಬಂದಿತ್ತು.
ನಾಳೆ ನೋಡಿಕೊಂಡರಾಯಿತು.