ಷರಾ

ಡಿಸೆಂಬರು. ಮಧ್ಯಾಹ್ನ ಮೂರೂವರೆಗೇ ಕತ್ತಲು.
ಹೀಯುಮಾ ದ್ವೀಪದ ಶಾಲೆಯಲ್ಲಿ
ಗಣಿತದ ಮೇಷ್ಟ್ರು ನಾನೊಬ್ಬನೇ ಉಳಿದಿದ್ದೇನೆ.
ಎದುರಿಗೊಂದು ಫಾರಮ್ಮು:
‘ಯೋಜನೆಯ ಇಂಗಾಲದ ಹೆಜ್ಜೆಗುರುತು, ಟನ್ನುಗಳಲ್ಲಿ.’

ಯೋಜನೆಯೆಂದರೆ ಇಷ್ಟೇ:
ನಮ್ಮ ಇಪ್ಪತ್ತೆರಡು ಮಕ್ಕಳು, ಅಜೋರ್ಸಿನ ಇಪ್ಪತ್ತು,
ಕೂಡಿ ಕಲಿಯಬೇಕು ಕಡಲು ಕಾಯುವುದನ್ನು.
ಅವರ ಕಡೆಗೆ ದೆಯೊಲಿಂಡಾ ಟೀಚರು, ನಮ್ಮ ಕಡೆಗೆ ತಿಯು.
ನನ್ನನ್ನು ಸೇರಿಸಿಕೊಂಡದ್ದು, ನಿಜ ಹೇಳಬೇಕೆಂದರೆ,
ರಸೀತಿ ಕಳೆಯುವವನಲ್ಲ ಅಂತ.

ಸರಿ, ಬರೆದೆ.
ತಾಲಿನ್ನಿಂದ ಫ್ರಾಂಕ್‌ಫರ್ಟ್, ಅಲ್ಲಿಂದ ಲಿಸ್ಬನ್, ಅಲ್ಲಿಂದ ಹೋರ್ತಾ;
ತಲೆ ಇಪ್ಪತ್ತೈದು, ಹೋಗಿ ಬರಲು.
ಹಡಗುಕಟ್ಟೆಗೆ ಬಸ್ಸು. ನೀಲಿ ಅಂಗಿ ನಲವತ್ತೇಳು,
ಎದೆಯ ಮೇಲೆ ‘ಕಡಲು ನಮ್ಮದು’, ಎರಡು ಭಾಷೆಯಲ್ಲಿ.
ಒಂದರಲ್ಲಿ ಕಾಗುಣಿತ ತಪ್ಪಿ ಮತ್ತೆ ಮಾಡಿಸಿದೆವು,
ಆದ್ದರಿಂದ ತೊಂಬತ್ತನಾಲ್ಕು.
ವಿಡಿಯೊ ಕರೆ ಅರವತ್ತು ತಾಸು,
‘ಕೇಳಿಸ್ತಿದೆಯಾ?’ ಅಂತ ಕೇಳಿದ್ದೇ ಹತ್ತು.

ಒಟ್ಟು ಇಪ್ಪತ್ತೊಂಬತ್ತು ಟನ್ನು.
ಎರಡೂ ತೀರದಲ್ಲಿ ಹೆಕ್ಕಿದ ಪ್ಲಾಸ್ಟಿಕ್ಕು
ಹದಿನಾಲ್ಕು ಕಿಲೋ.

ತಿಯು ಫೋನಿನಲ್ಲಿ ಅಂದಳು:
ಸಸಿ ನೆಟ್ಟಿದ್ದೇವಲ್ಲ, ಅದನ್ನು ಕಳೆ.
ನೆಟ್ಟದ್ದು ಮೂವತ್ತು ಬರ್ಚು; ಮೊಲ ಮೇಯ್ದು ಉಳಿದದ್ದು ಹನ್ನೊಂದು.
ಹನ್ನೊಂದನ್ನೇ ಕಳೆದೆ. ಟನ್ನು ಮಿಸುಕಲಿಲ್ಲ.

ಎದ್ದು ಕಿಟಕಿಯ ಬಳಿ ನಿಂತೆ.
ದೀಪದ ಕೆಳಗೆ, ಹಿಮದಲ್ಲಿ, ನಿಜವಾದ ಹೆಜ್ಜೆಗಳು.
ಎಲ್ಲವೂ ನೆಟ್ಟಗೆ ಗೇಟಿಗೆ ಹೋಗಿವೆ,
ಒಂದು ಜೊತೆ ಮಾತ್ರ ಬೇಕೆಂದೇ ಬಳಸಿಕೊಂಡು
ಹಕ್ಕಿಗೆ ಕಾಳಿಡುವ ಹಲಗೆಯವರೆಗೆ ಹೋಗಿ ಬಂದಿದೆ.
ಕೆರ್ಟುವಿನದು. ಅವಳ ಎಡಗಾಲು ತುಸು ಒಳಕ್ಕೆ ತಿರುಗುತ್ತದೆ.

ಎರಡು ವರ್ಷ ತುಟಿ ಪಿಟಕ್ಕೆನ್ನದ ಹುಡುಗಿ
ಅಲ್ಲಿ, ಕಪ್ಪು ಮರಳಿನ ಮೇಲೆ,
ಗಾಸ್ಪರನ ಜೊತೆ ಜಗಳಕ್ಕೆ ನಿಂತಳು ಅರೆಬರೆ ಇಂಗ್ಲಿಷಿನಲ್ಲಿ:
ಅಲೆಯನ್ನು ಅಳೆಯುವುದು ಬುಡದಿಂದಲೋ, ನಡುವಿನಿಂದಲೋ?
ಜಗಳ ಇನ್ನೂ ಮುಗಿದಿಲ್ಲ, ವಾರಕ್ಕೊಂದು ಕಾಗದ.
ಇದನ್ನು ಜಮಾಕ್ಕೆ ಹಾಕಲೇ, ಖರ್ಚಿಗೆ ಹಾಕಲೇ?
ವಿಮಾನ ಹತ್ತದೆಯೂ ಹುಟ್ಟುತ್ತಿತ್ತೇ ಈ ಜಗಳ?
ಗೊತ್ತಿಲ್ಲ.
ಫಾರಮ್ಮಿನಲ್ಲಿ ‘ಗೊತ್ತಿಲ್ಲ’ಕ್ಕೆ ಜಾಗವಿಲ್ಲ.

ನಿನ್ನೆ ಅವಳೇ ಬಂದಳು, ಕೈಯಲ್ಲಿ ಒಂದು ಕೋಲು,
ಚಾಕುವಿನಿಂದ ಗೀರಿದ ಸೆಂಟಿಮೀಟರು.
‘ಮುಂದಿನ ಸಲ ನಾವು ಹೋಗೋದು ಬೇಡ ಸರ್,
ಇದು ಹಡಗಿನಲ್ಲಿ ಹೋಗಲಿ.
ಅವರೂ ಇದರಲ್ಲೇ ಅಳೆಯಲಿ.’
ನಲವತ್ತು ದಿನ ಆಗುತ್ತಲ್ಲ, ಅಂದೆ.
‘ಆಗಲಿ’ ಅಂದಳು.
ಅನ್ನುವಾಗ ನನ್ನ ಮುಖ ನೋಡಲಿಲ್ಲ.

ಕೊನೆಯ ಕಾಲಮ್ಮು, ಷರಾ.
ಬರೆದೆ: ಒಂದು ಕೋಲು. ತೂಕ ಮುನ್ನೂರು ಗ್ರಾಂ.
ಯಾರ ಆಸೆಯನ್ನೂ ಇದರಲ್ಲಿ ತೂಗಿಲ್ಲ.

ಆಮೇಲೆ ನೆನಪಾಗಿ:
ಈ ಲೆಕ್ಕಕ್ಕಾಗಿ ಹೀಟರು ಉರಿದದ್ದು ಮೂರು ತಾಸು.
ಆರಿಸಿದೆ.
ಕೋಟು ಹಾಕಿಕೊಂಡು
ಉಳಿದದ್ದನ್ನು ಕೂಡಿಸಿದೆ.