ಬಕೆಟ್ಟಿನಲ್ಲಿ ಬೇರು

ಒಂದು ಸಲ, ಎರಡು ಸಲ, ಮೂರನೆಯ ಸಲ,
ಸುತ್ತಿಗೆ ಬಿತ್ತು.
ನಮ್ಮದೇ ಹಜಾರ, ಬಾಡಿಗೆ ತಂದ ಕುರ್ಚಿಗಳು.
ಯಾರೋ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ,
ಯಾರದೋ ಮದುವೆಗೆ ಊಟಕ್ಕೆಂದು ಬಂದವನ ಹಾಗೆ.

ಡನೀಡಿನ್ನಿನ ಆ ಬೀದಿ ಎಷ್ಟು ಕಡಿದೆಂದರೆ
ಮೇಲೆ ಕೈಜಾರಿದ ಆಲೂಗಡ್ಡೆ
ಕೆಳಗೆ ಪಾದ್ರಿಯ ಬಾಗಿಲು ತಟ್ಟುತ್ತಿತ್ತು.
ಇಪ್ಪತ್ತೆರಡು ವರ್ಷ ಹತ್ತಿ ಹತ್ತಿ
ಮೆರನಳ ಮಂಡಿ ಸವೆಯಿತು. ಅದಕ್ಕೇ ಮಾರಿದ್ದು.
ಮೊದಲು ಒಂದು ಕೊಳ್ಳೋಣ ಎಂದಳು.
ಕೂಸು ಹುಟ್ಟುವ ಮುಂಚೆ ಕುಲಾವಿ ಬೇಡ ಎಂದೆ.
ದುಡ್ಡು ಕೈಗೆ ಬರಲಿ,
ಮೆಟ್ಟಿಲಿಲ್ಲದ ಮನೆ, ಸಿಕ್ಕೇ ಸಿಗುತ್ತದೆ.

ಸಿಕ್ಕಿದ್ದು ಅವಳ ಚಿಕ್ಕಪ್ಪನ ಮಗ ಡಗಲ್‌ನ ಕ್ಯಾರವಾನು.
ಹತ್ತಲು ಮೂರೇ ಮೆಟ್ಟಿಲು.
ಜುಲೈ ತಿಂಗಳ ಚಳಿ,
ಒಬ್ಬರು ಮಗ್ಗಲಾದರೆ ಇಬ್ಬರೂ ಮಗ್ಗಲಾಗಬೇಕು,
ಟೀ ಕುದಿಸಿದರೆ ಕಿಟಕಿಗಳೆಲ್ಲ ಅಳುತ್ತವೆ.
ಮೇಜು, ಮಂಚ, ಅವಳಪ್ಪನ ಅಕಾರ್ಡಿಯನ್
ಊರಾಚೆಯ ಗೋದಾಮಿನಲ್ಲಿ, ತಿಂಗಳ ಬಾಡಿಗೆಗೆ.
ನಮ್ಮ ಸಾಮಾನಿಗೆ ಮನೆಯಿದೆ
ಎಂದು ಡಗಲ್ ನಗುತ್ತಾನೆ, ದಿನಕ್ಕೊಂದು ಸಲ.

ಶನಿವಾರವೆಲ್ಲ ಪರರ ಮನೆ ನೋಡುವುದು.
ನಾನು ಕೊಳಾಯಿ ಕೆಲಸದವನು,
ಗೋಡೆಯ ಬಣ್ಣ ನೋಡುವುದಿಲ್ಲ, ನಲ್ಲಿ ತಿರುಗಿಸಿ
ಗೋಡೆಯೊಳಗಿನ ಕೆಮ್ಮು ಕೇಳುತ್ತೇನೆ.
ಒಂದು ಮನೆ, ಒದ್ದೆ ನಾಯಿಯ ವಾಸನೆ.
ಇನ್ನೊಂದು ಚೆಂದವಿತ್ತು, ಹಿತ್ತಲಿಗೆ ಬಿಸಿಲೂ ಬರುತ್ತಿತ್ತು,
ನಾವು ಕಾರಿನಲ್ಲಿ ಕೂತು ಹೂಂ ಅನ್ನೋಣವೇ ಅಂತಿರುವಾಗಲೇ
ಮೂವತ್ತು ಸಾವಿರ ಹೆಚ್ಚಿಟ್ಟು ಯಾರೋ ಎತ್ತಿಕೊಂಡರು.
ಬ್ಯಾಂಕಿನಲ್ಲಿ ನಮ್ಮ ಮನೆ ಅಂಕಿಯಾಗಿ ಕೂತಿದೆ.
ಅಂಕಿ ಅಷ್ಟೇ ಇದೆ,
ಮನೆಗಳು ಮಾತ್ರ ಬೆಳೆಯುತ್ತಿವೆ.

ಹೇಳದೆ ಬಿಟ್ಟದ್ದೊಂದಿದೆ.
ಬೀಗದ ಕೈ ಕೊಡುವ ಹಿಂದಿನ ಸಂಜೆ
ಮೆರನ್ ಬೇಲಿಯ ಪಕ್ಕ ಮೊಣಕಾಲೂರಿ, ಆ ಮಂಡಿಯಲ್ಲಿ,
ರೂಬಾರ್ಬ್ ಗಿಡವನ್ನು ಬುಡಸಮೇತ ಅಗೆದಳು.
ಬಣ್ಣದ ಖಾಲಿ ಬಕೆಟ್ಟು, ಹಿಡಿ ಮಣ್ಣು.
ನೆಲದಲ್ಲಿ ಬೇರು ಬಿಟ್ಟದ್ದೆಲ್ಲ ಕೊಂಡವರದು
ಅಂತ ಕರಾರಿನಲ್ಲಿದೆ. ನಾನು ಟಾರ್ಚು ಹಿಡಿದಿದ್ದೆ.

ಈಗ ಅದು ಕ್ಯಾರವಾನಿನ ಬಾಗಿಲಲ್ಲಿ
ಮುದುಕನ ಮುಷ್ಟಿಯ ಹಾಗೆ ಕೂತಿದೆ.
ನೆಡೋಣವೆಂದರೆ ನಮ್ಮದೆನ್ನುವ ಗೇಣು ನೆಲವಿಲ್ಲ.

ಮೊನ್ನೆ ಏಜೆಂಟ್ ಟ್ರೂಡಿಯ ಫೋನು:
ಜಾಹೀರಾತಿನ ಫೋಟೋದಲ್ಲಿ ಕೆಂಪು ದಂಟಿನದೇನೋ ಇತ್ತಂತೆ,
ಅಲ್ಲೀಗ ಗುಂಡಿಯಿದೆಯಂತೆ. ಜಗಳವೇನಿಲ್ಲ,
ಅದು ಏನು ಅಂತ ಕೇಳಿದರು, ಅಷ್ಟೆ.

ಮೆರನ್ ಆ ರಾತ್ರಿ ಮಾತಾಡಲಿಲ್ಲ.
ಗಿಡ ನೆಟ್ಟವಳು ಅವಳಲ್ಲ.
ನಮಗೆ ಮನೆ ಮಾರಿದ ಮಿಸೆಸ್ ಇಂಗ್ಲಿಸ್
ಕೀಲಿಯ ಜೊತೆಗೆ ಹೇಳಿ ಹೋಗಿದ್ದಳು:
ಎಲೆ ತಿನ್ನಬೇಡಿ, ವಿಷ. ದಂಟು ಮಾತ್ರ.

ಬೆಳಗ್ಗೆ ಡಗಲ್‌ನ ಗುದ್ದಲಿಯಿಂದ
ಬೇರನ್ನು ನಡುವೆ ಸೀಳಿದೆವು. ಒಳಗೆ ಅರಿಸಿನದ ಬಣ್ಣ.
ಅರ್ಧ ಬಕೆಟ್ಟಿಗೆ, ಅರ್ಧ ಹಳೆಯ ಪತ್ರಿಕೆಯಲ್ಲಿ ಸುತ್ತಿ
ಬೀದಿ ಹತ್ತಿದೆವು, ಎರಡು ಕಡೆ ನಿಂತು.
ನಮ್ಮ ಬಾಗಿಲಲ್ಲಿ ನಿಂತು ಬೆಲ್ ಒತ್ತಿದೆ.
ಇಷ್ಟು ವರ್ಷ ಒಳಗಿನಿಂದ ಕೇಳಿದ್ದೇ ಹೊರತು
ಒತ್ತಿದ್ದಿಲ್ಲ. ಗುಂಡಿ ಸಡಿಲವಿದೆ, ಸರಿ ಮಾಡಬೇಕಿತ್ತು.

ಹುಡುಗಿ ಬಂದಳು, ಸೊಂಟದಲ್ಲಿ ಮಗು.
ಮೊದಲ ವರ್ಷ ಕೀಳಬೇಡಿ ಎಂದಳು ಮೆರನ್,
ಎಲೆ ತಿನ್ನಬೇಡಿ.
ಆಕೆ ಒಳಗಿಂದ ನಮ್ಮ ಪತ್ರಗಳ ಕಟ್ಟು ತಂದಳು.
ಮುಂದೆ ಬರುವುದನ್ನು ಎಲ್ಲಿಗೆ ಕಳಿಸಲಿ?

ಪೆನ್ನು ಹಿಡಿದ ಮೆರನ್ ನನ್ನ ಮುಖ ನೋಡಿದಳು,
ಕೆಳಗೆ ನಿಲ್ಲಿಸಿದ ಕಾರು ನೋಡಿದಳು,
ಆಮೇಲೆ ಲಕೋಟೆಯ ಹಿಂದೆ ನೀಟಾಗಿ
ಕಾರಿನ ನಂಬರು ಬರೆದುಕೊಟ್ಟಳು.